ಒಂಬತ್ತನೆಯ ಅಂತಿಮ ಕರಡಿಯವರಿಗೆ

ಮಾನ್ಯ ಕರಡಿಯವರೇ,

ಪುಟದ ನೆತ್ತಿಯ ಮೇಲೆ ತಾವು ಸುಖಾಸೀನರಾಗಿದ್ದೀರೆಂದು ನಂಬಿ, ಅಲ್ಲಿಂದ ಇಳಿಯುವ ತೊಂದರೆಯನ್ನು ತಮಗೆ ಕೊಡದೆ, ಕೆಳಗಿನ ಸಾಲುಗಳಲ್ಲಿ ನಿಂತೇ ನಮಸ್ಕರಿಸುತ್ತೇನೆ. ನಾನು ಒಂದು ಅಚ್ಚುಕೂಟದಲ್ಲಿ ಪರರ ಪುಸ್ತಕಗಳ ಕರಡು ತಿದ್ದಿ ಹೊಟ್ಟೆ ಹೊರೆಯುವವಳು. ಇಪ್ಪತ್ತೆರಡು ವರ್ಷಗಳಿಂದ ಅಲ್ಪಪ್ರಾಣ ಮಹಾಪ್ರಾಣಗಳ ಜಗಳ ಬಿಡಿಸುತ್ತ, ತಪ್ಪಿಸಿಕೊಂಡ ಒತ್ತಕ್ಷರಗಳನ್ನು ಕಿವಿ ಹಿಡಿದು ಎಳೆತರುತ್ತ, ನನ್ನ ಕಣ್ಣು ತಪ್ಪಿಸಿ ಒಂದು ಸೊನ್ನೆಯೂ ಓಡಾಡಲಾರದೆಂದು ಬೀಗುತ್ತ ಬಂದವಳು. ಇಂಥವಳ ಸ್ವಂತ ಪುಸ್ತಕದ ಇಪ್ಪತ್ತನಾಲ್ಕೂ ಪುಟಗಳ ತಲೆಯ ಮೇಲೆ, 'ಅಂತಿಮ ಕರಡು' ಎಂದಿರಬೇಕಾದ ಕಡೆ 'ಅಂತಿಮ ಕರಡಿ' ಎಂಬ ಹೆಸರಿನಲ್ಲಿ ತಾವು ಒಂಬತ್ತು ಕರಡುಗಳಲ್ಲಿ ಒಂಬತ್ತು ಸಲ ದಯಮಾಡಿಸಿದರೂ ನನಗೆ ಗೊತ್ತೇ ಆಗಲಿಲ್ಲ. ಅಕ್ಷರ ಜೋಡಿಸುವವರು 'ಡು'ವಿನ ಕೊಂಬು ಕಿತ್ತು ಅಲ್ಲೊಂದು ಗುಡಿಸು ಹಾಕಿದ್ದಾರೆ, ಅಷ್ಟೆ. ಕರಡಿಗೆ ಕೊಂಬಿಲ್ಲವೆಂಬುದನ್ನು ಪ್ರಾಣಿಶಾಸ್ತ್ರವೂ ಒಪ್ಪುವುದರಿಂದ ಅವರ ಮೇಲೆ ನನ್ನ ದೂರೇನೂ ಇಲ್ಲ.

ನನ್ನ ದೂರು ತಮ್ಮ ಮೇಲೆಯೇ. ಆ ಪುಸ್ತಕ ಮಕ್ಕಳದು, ಶಿಳ್ಳೆ ಕಳೆದುಕೊಂಡ ಒಬ್ಬ ಬಸ್ ಕಂಡಕ್ಟರನ ಕತೆ. ಬರೆದದ್ದು ನಾನು, ಚಿತ್ರಗಳು ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿರುವ ನನ್ನ ಅಕ್ಕನವು. ಅಕ್ಕನ ಮಗಳಿಗೆ ಮೂರು ತುಂಬಿದಾಗ ಓದಿ ಹೇಳಲೆಂದು ಬರೆಯಲು ಕುಳಿತೆ. ಆ ಮಗು ಈಗ ಹದಿನಾಲ್ಕರ ಪ್ರಾಯದಲ್ಲಿ ಫೋನು ಮಾಡಿ ನನಗೇ ಬುದ್ಧಿ ಹೇಳುತ್ತದೆ. ನಡುವಿನ ಹನ್ನೊಂದು ವರ್ಷಗಳನ್ನು ನಾನು ಸೋಮಾರಿತನದಲ್ಲಿ ಕಳೆದೆನೆಂದು ಯಾರೂ ಬೆರಳು ತೋರಿಸುವಂತಿಲ್ಲ. ಒಂದು ಊರಲ್ಲಿ ಒಬ್ಬ ಕಂಡಕ್ಟರ್ 'ಇದ್ದ' ಎನ್ನಬೇಕೋ 'ಇದ್ದನು' ಎನ್ನಬೇಕೋ ಎಂದು ತೀರ್ಮಾನಿಸಲು ಒಂದು ಇಡೀ ಬೇಸಿಗೆ ಹಿಡಿಯಿತು. ಅದು ಮುಗಿಯುವಷ್ಟರಲ್ಲಿ 'ಊರಲ್ಲಿ' ಎಂಬುದು ತೀರಾ ಸಲಿಗೆಯಾಯಿತೆಂದು 'ಊರಿನಲ್ಲಿ' ಮಾಡಿದೆ, ಅದು ಬಿಗಿಯಾಯಿತೆಂದು ಮತ್ತೆ 'ಊರಲ್ಲಿ' ಮಾಡಿದೆ, ಕೊನೆಗೆ ಈ ಕಂಡಕ್ಟರನಿಗೆ ಊರಾದರೂ ಯಾಕೆ ಬೇಕೆಂದು ಹೊಳೆದ ದಿನ ಎಂಟು ಪುಟ ಹರಿದು ಹಾಕಿದೆ.

ಇದೆಲ್ಲ ತಮ್ಮ ಕೃಪೆ. ಕರಡು ತಿದ್ದುತ್ತಿದ್ದೇನೆ ಎಂದುಕೊಂಡು ಹನ್ನೊಂದು ವರ್ಷ ಕರಡಿ ಸಾಕಿದ್ದೇನೆ. ತಮ್ಮ ಉಪಕಾರವನ್ನು ಮರೆಯುವಷ್ಟು ಕೃತಘ್ನೆಯೇನಲ್ಲ ನಾನು. ಹೊರಗೆ ಬಾರದ ಪುಸ್ತಕವನ್ನು ಯಾರೂ ಹಳಿಯಲಾರರು, ಯಾರೂ ಅರ್ಧ ಓದಿ ಮಗುಚಿಡಲಾರರು, ಯಾವ ಮಗುವೂ ಅದರ ಮೇಲೆ ಹಾಲು ಚೆಲ್ಲಲಾರದು. ಇಂಥ ಭದ್ರತೆಯನ್ನು ಬೇರೆ ಯಾವ ಪ್ರಕಾಶಕರೂ ತಮ್ಮ ಲೇಖಕರಿಗೆ ಒದಗಿಸಿದ್ದನ್ನು ನಾನು ಕಂಡಿಲ್ಲ. ಸಮಾರಂಭಗಳಲ್ಲಿ "ಏನು ಬರೀತಿದ್ದೀರಿ?" ಎಂದು ಕೇಳಿದವರಿಗೆಲ್ಲ "ಕೊನೇ ಹಂತದಲ್ಲಿದೆ" ಎಂದು ಹೇಳಿ ಹೇಳಿ, ಹನ್ನೊಂದು ವರ್ಷ ದೊಡ್ಡ ಲೇಖಕಿಯಂತೆ ಕಾಫಿ ಕುಡಿದಿದ್ದೇನೆ.

ಆದರೆ ನನ್ನ ಪ್ರತಿಯೊಂದು ತಿದ್ದುಪಡಿಗೂ ಅಕ್ಕ ಹೊಸದಾಗಿ ಚಿತ್ರ ಬರೆಯಬೇಕಾಗಿತ್ತೆಂಬ ಸಣ್ಣ ಸಂಗತಿಯನ್ನು ತಾವು ನನ್ನ ಗಮನಕ್ಕೆ ತರಲಿಲ್ಲ. ತಗಡಿನ ಶಿಳ್ಳೆಯನ್ನು ನಾನು ಹಿತ್ತಾಳೆಯದು ಮಾಡಿದಾಗ ಅವಳು ಹನ್ನೆರಡು ಪುಟಗಳಿಗೆ ಮತ್ತೆ ಬಣ್ಣ ಹಚ್ಚಿದಳು. ಕಂಡಕ್ಟರನಿಗೆ ಮೀಸೆ ಇರಲಿ ಎಂದಾಗ ಇಪ್ಪತ್ತು ಪುಟಗಳಲ್ಲಿ ಮೀಸೆ ಬರೆದಳು, ಬೇಡವೆಂದಾಗ ಇಪ್ಪತ್ತನ್ನೂ ಮೊದಲಿಂದ ಬರೆದು, "ಇನ್ನೊಂದ್ಸಲ ಮೀಸೆ ಅಂದ್ರೆ ನಿನ್ನ ಮೂತಿಗೇ ಅಂಟಿಸ್ತೀನಿ ನೋಡು" ಎಂದು ನಕ್ಕಳು. ಕಳೆದ ತಿಂಗಳು, ಬಸ್ಸು ಕೆಂಪಗಿರುವುದಕ್ಕಿಂತ ನೀಲಿಯಾಗಿದ್ದರೆ ಒಳ್ಳೆಯದಲ್ಲವೇ ಎಂದು ನಾನು ಫೋನಿನಲ್ಲಿ ಕೇಳಿದಾಗ ಮಾತ್ರ ಅವಳು ನಗಲಿಲ್ಲ. "ನನ್ ಕೈಲಿ ಆಗಲ್ಲ ಕಣೆ. ಬ್ರಷ್ ಹಿಡಿದ್ರೆ ಕೈ ನಡುಗುತ್ತೆ, ಎಂಟು ತಿಂಗಳಾಯ್ತು. ಡಾಕ್ಟ್ರು ಇದು ವಾಸಿ ಆಗೋದಲ್ಲ ಅಂದ್ರು. ಇರೋ ಚಿತ್ರಗಳೇ ಕೊನೇವು" ಎಂದಳು. ಎಂಟು ತಿಂಗಳಲ್ಲಿ ಅವಳಿಗೆ ನಾನು ನಲವತ್ತು ಸಲವಾದರೂ ಫೋನು ಮಾಡಿದ್ದೇನೆ, ಪ್ರತಿ ಸಲವೂ ಶಿಳ್ಳೆಯ ವಿಷಯವನ್ನೇ ಮಾತಾಡಿದ್ದೇನೆ. ಮಾನ್ಯರೇ, ನನಗೆ ನಾಚಿಕೆಯಾಯಿತು. ಈ ಮಾತನ್ನು ಅಲಂಕರಿಸಿ ಬರೆಯಲು ನನಗೆ ಬರುವುದಿಲ್ಲ.

ಮೊನ್ನೆ ಅವಳು ನನ್ನನ್ನು ಕೇಳದೆ ಒಂಬತ್ತನೆಯ ಕರಡನ್ನು ಶಾಲೆಗೆ ಒಯ್ದು ಎರಡನೇ ಕ್ಲಾಸಿನ ಮಕ್ಕಳಿಗೆ ಓದಿ ಹೇಳಿದಳಂತೆ. ಕಂಡಕ್ಟರ್ ಬಾಯಿಂದಲೇ ಶಿಳ್ಳೆ ಹೊಡೆಯಲು ಹೋಗಿ ಬರೀ ಗಾಳಿ ಊದುವ ಜಾಗದಲ್ಲಿ ಇಡೀ ಕ್ಲಾಸು ಗಾಳಿ ಊದಿತಂತೆ. 'ಇದ್ದ' ಸರಿಯೋ 'ಇದ್ದನು' ಸರಿಯೋ ಎಂದು ಒಬ್ಬರೂ ಕೇಳಲಿಲ್ಲವಂತೆ. ಮುಂದಿನ ಬೆಂಚಿನವರು ಪುಟದ ಮೇಲಿನ ಸಾಲನ್ನು ಕೂಡಿಸಿ ಕೂಡಿಸಿ ಓದಿ, "ಕರಡಿ ಯಾವಾಗ ಬರುತ್ತೆ ಮಿಸ್?" ಎಂದು ಕೊನೆಯ ಪುಟದವರೆಗೂ ಪೀಡಿಸಿದರಂತೆ. ತಮ್ಮ ಇರವು ನನಗೆ ತಿಳಿದದ್ದು ಹೀಗೆ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಕೋರಿಕೆಗಳಿವೆ. ಈ ಪುಸ್ತಕದಲ್ಲಿ ಇನ್ನು ಯಾವ ತಪ್ಪೂ ಉಳಿದಿಲ್ಲವೆಂದು ತಮ್ಮ ಪಂಜದ ಗುರುತುಳ್ಳ ದೃಢೀಕರಣ ಪತ್ರವೊಂದನ್ನು ದಯಪಾಲಿಸಬೇಕು; ಅದರ ಭಾಷೆಯನ್ನು ತಿದ್ದಲು ನಾನು ಎರಡು ವರ್ಷಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ನಾನು ನುಂಗಿಹಾಕಿದ ಹನ್ನೊಂದು ವರ್ಷಗಳನ್ನು ಅಕ್ಕನ ಬಲಗೈಗೆ ಹಿಂದಿರುಗಿಸಬೇಕು. ತಮ್ಮ ಕುಲದವರು ಚಳಿಗಾಲವಿಡೀ ನಿದ್ದೆ ಮಾಡುತ್ತಾರೆಂದು ಕೇಳಿದ್ದೇನೆ. ಆ ಸತ್ಸಂಪ್ರದಾಯವನ್ನು ವರ್ಷದ ಹನ್ನೆರಡು ತಿಂಗಳಿಗೂ ವಿಸ್ತರಿಸಬೇಕು. ಇವುಗಳಲ್ಲಿ ಯಾವುದೂ ಆಗದಿದ್ದರೆ ಚಿಂತೆಯಿಲ್ಲ. ಇಂದು ಬೆಳಿಗ್ಗೆ ಒಂಬತ್ತನೆಯ ಕರಡಿನ ಮೇಲೆ 'ಅಚ್ಚಿಗೆ ಹೋಗಲಿ' ಎಂದು ಬರೆದು ಸಹಿ ಹಾಕಿ, ತಲೆಯ ಸಾಲನ್ನು ತೆಗೆಯಲು ಹೇಳಿ, ಯಂತ್ರದವರ ಕೈಗೇ ಕೊಟ್ಟು ಬಂದಿದ್ದೇನೆ. ಮೆಟ್ಟಿಲು ಇಳಿಯುವಾಗ ಏಳನೆಯ ಪುಟದಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿರುವುದು ನೆನಪಾಯಿತು. ಇಳಿದು ಬಂದೆ.

ಪುಟದ ಮೇಲಿನ ಮನೆಯನ್ನು ತೆರವು ಮಾಡಿಸಿದ್ದಕ್ಕಾಗಿ ಕ್ಷಮೆ ಕೋರದಿರುವ,
ತಮ್ಮ ವಿಶ್ವಾಸಿ,
ಒಬ್ಬ ಡ್ರಾಯಿಂಗ್ ಟೀಚರರ ತಂಗಿ

ಮರೆತ ಮಾತು: ಕರಡಿಯನ್ನು ಕಾಣದೆ ಮಕ್ಕಳು ಬಿಡಲೊಲ್ಲರಾದ್ದರಿಂದ ಅಕ್ಕ ಕೊನೆಯ ಪುಟದ ಬಸ್ಸಿನಲ್ಲಿ, ಹಿಂದಿನ ಸೀಟಿನ ಮೇಲೆ, ತಮ್ಮನ್ನು ಪೆನ್ಸಿಲಿನಲ್ಲಿ ಬರೆದು ಕೂರಿಸಿದ್ದಾಳೆ. ಅವಳ ಕೈ ನಡುಗಿದ್ದು ಪ್ರತಿ ಗೆರೆಯಲ್ಲೂ ಕಾಣುತ್ತದೆ, ತಮಗೆ ಮೈತುಂಬ ರೋಮ ಬಂದಿರುವುದೂ ಅದರಿಂದಲೇ. ಒಂದು ಕಿವಿ ಇನ್ನೊಂದಕ್ಕಿಂತ ಚಿಕ್ಕದಾಗಿದೆ. ತಿದ್ದಬೇಕೆಂದು ತಾವೇನಾದರೂ ಬಾಯಿ ತೆರೆದರೆ, ಟಿಕೆಟ್ ಇಲ್ಲದೆ ಕೂತಿದ್ದೀರೆಂದು ಕಂಡಕ್ಟರನಿಗೆ ಹೇಳಬೇಕಾಗುತ್ತದೆ.