ಬೊಂಬೆ ತಾತನ ಸೂತಕ

ಭಾನುವಾರದ ಮಟನ್ ಎಂದರೆ ಕೊರಟಗೆರೆಯ ಜಯರಾಮುವಿಗೆ ಬರೀ ಊಟವಲ್ಲ, ಜನ್ಮಸಿದ್ಧ ಹಕ್ಕು. ವಾರಕ್ಕೆ ಆರು ದಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಮಧುಗಿರಿ, ಮಧುಗಿರಿ, ಪಾವಗಡ’ ಎಂದು ಕೂಗಿ ಖಾಸಗಿ ಬಸ್ಸುಗಳಿಗೆ ಜನ ಹತ್ತಿಸುವ ಏಜೆಂಟ್ ಅವನು. ಅಷ್ಟೆಲ್ಲ ಗಂಟಲು ಹರಿದುಕೊಂಡವನಿಗೆ ಏಳನೆಯ ದಿನ ನಾಲ್ಕು ನಲ್ಲಿಮೂಳೆ ಸಿಗದಿದ್ದರೆ ಸಂಸಾರವಾದರೂ ಯಾಕೆ ಬೇಕು ಎಂಬುದು ಅವನ ಸಿದ್ಧಾಂತ. (ಅವನ ಬೇರೆ ಸಿದ್ಧಾಂತಗಳನ್ನು ಹೆಂಡತಿ ಒಪ್ಪಿಲ್ಲ.)

ಆ ಭಾನುವಾರ ಬೆಳಿಗ್ಗೆ ಒಂದು ಕೆಜಿ ಮಟನ್ ತಂದುಕೊಟ್ಟು ಹೋದವನು ಮಧ್ಯಾಹ್ನ ಹಸಿದು ಬಂದರೆ ಒಲೆಯೇ ಹಚ್ಚಿರಲಿಲ್ಲ. ನಡುಮನೆಯಲ್ಲಿ ತಾಯಿ ಈರಕ್ಕ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಹೆಂಡತಿ ವನಜಾಕ್ಷಿಯ ಕಣ್ಣು ಊದಿತ್ತು.

“ತಾತ ಹೋಗ್ಬುಟ್ಟ ಕಣ್ಲಾ,” ಎಂದಳು ಈರಕ್ಕ.

ಜಯರಾಮು ಗಾಬರಿಯಿಂದ ಹೆಂಡತಿಯ ಕಡೆ ತಿರುಗಿದ. “ಯಾವ ತಾತ? ತಿರುಮಣಿ ಮಾವನಾ?”

“ಬುಡ್ತು ಅನ್ನಿ. ನಮ್ಮಪ್ಪ ಚೆನ್ನಾಗವ್ರೆ,” ಎಂದು ವನಜಾಕ್ಷಿ ಸಿಡುಕಿದಳು. “ಟೀವಿ ತಾತ. ಜಪಾನಿನೋರ ಕಾರ್ಟೂನ್ ಬೊಂಬೆ ಸಿನಿಮಾದಾಗೆ ಬುಟ್ಟಿ ಹೆಣೀತಿದ್ನಲ್ಲ, ಅವನು.”

ಜಯರಾಮುವಿನ ಕೋಪ ನೆತ್ತಿಗೇರಿತು. ಕೋಪ ಬಂದರೆ ಅವನ ಕಿವಿ ಮೊದಲು ಕೆಂಪಾಗುತ್ತದೆ.

“ಬೊಂಬೆ ಸತ್ರೆ ನನ್ನ ಮಟನ್ ಯಾಕೆ ಫ್ರಿಜ್ಜಲ್ಲಿ ಕೂತೈತೆ?”

“ಸಾವು ಕಣ್ಣಾರೆ ನೋಡಿದ್ಮೇಲೆ ಒಲೆ ಹಚ್ತಾರೇನ್ಲಾ? ಮೂರನೇ ದಿನ ಹಾಲು-ತುಪ್ಪ ಬುಡೋಗಂಟ ಈ ಮನೇಲಿ ಬಾಡು ಬೇಯಂಗಿಲ್ಲ,” ಎಂದಳು ಈರಕ್ಕ.

“ಬೊಂಬೆ ಸಿನಿಮಾ ಮಾಡೋದೇ ಮಕ್ಳಿಗೆ ಕಣವ್ವ. ಅಮೆರಿಕದೋರದ್ದು ನಾನೂ ನೋಡಿವ್ನಿ. ಇಲಿ ಹಾಡ್ತೈತೆ, ಕೆಟ್ಟೋನು ಬೆಟ್ಟದಿಂದ ಉರುಳಿ ಬೀಳ್ತಾನೆ, ಕೊನೇಲಿ ಎಲ್ಲಾ ಕುಣೀತಾರೆ. ನೋಡಿ ಎದ್ದು ಬಂದು ಹೊಟ್ಟೆ ತುಂಬ ಉಣ್ಣಬೌದು. ಅದು ಸಿನಿಮಾ.”

ವನಜಾಕ್ಷಿ ಬ್ಲೌಸ್ ಹೊಲಿಯುತ್ತಲೇ ನೂರಾರು ಬೊಂಬೆ ಸಿನಿಮಾ ನೋಡಿದ ಪಂಡಿತೆ. ತವರು ಪಾವಗಡದ ಕಡೆಯಾದ್ದರಿಂದ ತೆಲುಗಿನಲ್ಲಿ ಡಬ್ ಆದದ್ದೆಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. “ಅವ್ರು ಮಕ್ಳುಮರಿ ಎಲ್ಲಾ ಒಟ್ಟಿಗೆ ಕೂತು ನಗಲಿ ಅಂತ ಮಾಡ್ತಾರೆ. ಅಳಿಸಿದ್ರೂ ಹತ್ತು ನಿಮಿಷಕ್ಕೆ ನಗಿಸಿ ಮನೆಗೆ ಕಳಿಸ್ತಾರೆ. ಜಪಾನಿನೋರು ಮಕ್ಳಿಗೂ ಮಾಡ್ತಾರೆ, ನಮ್ಮಂಥೋರಿಗೂ ಬ್ಯಾರೆ ಮಾಡ್ತಾರೆ. ಇದ್ರಾಗೆ ಕೆಟ್ಟೋನೇ ಇಲ್ಲ. ಮಳೆ ಬಂದ್ರೆ ಸುಮ್ನೆ ಮಳೆ ಬರ್ತೈತೆ. ಹೋದೋರು ಹೋದ್ರು, ತಿರುಗಿ ಬರಲ್ಲ.”

ಕೆಟ್ಟವನೇ ಇಲ್ಲದಿದ್ದರೆ ಬಯ್ಯುವುದು ಯಾರನ್ನು ಎಂದು ಜಯರಾಮುವಿಗೆ ಇನ್ನಷ್ಟು ಸಿಟ್ಟು ಬಂತು.

“ಅವನ್ಗೇನು ಹೇಳ್ತೀಯ ಬುಡಮ್ಮಿ,” ಎಂದಳು ಈರಕ್ಕ. “ಹೆತ್ತಪ್ಪ ಹೋದಾಗ್ಲೇ ಒಂದು ತೊಟ್ಟು ಕಣ್ಣೀರಾಕ್ದೆ ಇದ್ದೋನು.”

ಈ ಮಾತಿಗೆ ಏಳು ವರ್ಷ ವಯಸ್ಸು. ಜೀವಮಾನವೆಲ್ಲ ಕುರಿ ಕಾಯ್ದ ಅಪ್ಪ ತೀರಿಕೊಂಡ ದಿನ ಗುಂಡಿ, ಶಾಮಿಯಾನ, ವ್ಯಾನು ಎಂದು ಓಡಾಡಿದವನು ಜಯರಾಮು ಒಬ್ಬನೇ. ಅಳಲು ಪುರುಸೊತ್ತೆಲ್ಲಿತ್ತು? ಊರವರು ಕಲ್ಲುಮನಸ್ಸು ಎಂದರು, ಅದನ್ನು ಅವನು ನುಂಗಿಕೊಂಡ. ತಾಯಿಯೂ ಪ್ರತಿ ಹಬ್ಬಕ್ಕೆ ಅದನ್ನೇ ಎತ್ತಿದಾಗ ಮಾತ್ರ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

“ಹಾಕು ಆ ಸಿನಿಮಾನ,” ಎಂದು ಅವನು ಟೀವಿ ಮುಂದೆ ಕುಕ್ಕರಿಸಿದ. “ನಾನು ಅಳ್ದಿದ್ರೆ ಇವತ್ತೇ ಸಾರಾಗ್ಬೇಕು. ಅತ್ರೆ ಅವ್ವ ಹೇಳ್ದಂಗೆ.”

ಸಿನಿಮಾದಲ್ಲಿ ತಾತ ಬುಟ್ಟಿ ಹೆಣೆದ. ಮೊಮ್ಮಗಳು ಮೂಲಂಗಿ ಹೆಚ್ಚಿದಳು. ಮಳೆ ಬಂತು, ನಿಂತಿತು.

“ಕಥೆ ಯಾವಾಗ ಶುರುವಾಗ್ತೈತೆ?”

“ಶುರುವಾಗಿ ಅರ್ಧ ಗಂಟೆ ಆಯ್ತು.”

ಪೋಸ್ಟ್‌ಮ್ಯಾನ್ ಬಂದಾಗ ಇವನೇ ಕೆಟ್ಟವನಿರಬೇಕು ಎಂದು ಜಯರಾಮು ನೆಟ್ಟಗೆ ಕೂತ. ಆ ಮಹಾನುಭಾವ ಕಾಗದ ಕೊಟ್ಟು, ನೀರು ಕುಡಿದು ಹೊರಟುಹೋದ. ಅಷ್ಟೊತ್ತಿಗೆ ಜಯರಾಮುವಿನ ಕಿವಿ ಟೊಮೇಟೊ ಆಗಿತ್ತು.

ಆಮೇಲೆ ತಾತ ಹೋದ. ಅರ್ಧ ಹೆಣೆದ ಬುಟ್ಟಿ ಹಾಗೇ ಉಳಿಯಿತು. ಮಾರನೆಯ ಬೆಳಿಗ್ಗೆ ಮೊಮ್ಮಗಳು ಹೊಸ್ತಿಲ ಬಳಿ ಕೂತು, ತಾತನ ಚಪ್ಪಲಿಗಳನ್ನು ಬೀದಿಯ ಕಡೆಗೆ ತಿರುಗಿಸಿಟ್ಟಳು. ಹೊರಡುವಾಗ ತಾತನಿಗೆ ಸುಲಭವಾಗಲಿ ಎಂದು. ಯಾರೂ ಹಾಡಲಿಲ್ಲ, ಯಾರೂ ಕುಣಿಯಲಿಲ್ಲ.

ಅಪ್ಪನ ಟೈರಿನ ಎಕ್ಕಡವೂ ಅಂದು ಇದೇ ಮನೆಯ ಹೊಸ್ತಿಲಲ್ಲಿತ್ತು. ಮಣ್ಣು ಮಾಡಿದ ಮರುದಿನ ಮನೆ ತೊಳೆಯುವ ಗಡಿಬಿಡಿಯಲ್ಲಿ ಅದನ್ನು ಕಸದ ಜೊತೆ ಗುಡಿಸಿ ಎಸೆದವನು ತಾನೇ ಎಂಬುದು ಜಯರಾಮುವಿಗೆ ಈಗ ನೆನಪಾಯಿತು.

ಪಾವಗಡದ ಬಸ್ಸಿಗೆ ಜನರನ್ನು ಕೂಗುವ ಗಂಟಲದು, ಅತ್ತರೆ ಸುಮ್ಮನಿರುತ್ತದೆಯೇ? ಪಕ್ಕದ ಮನೆಯ ಪಾಲಣ್ಣ ಹೆಗಲಿಗೆ ಟವೆಲ್ ಹಾಕಿಕೊಂಡು ಓಡಿಬಂದ. “ಯಾರು ಹೋದ್ರು?”

ಈರಕ್ಕ ಮಗನ ಪಕ್ಕ ಕೂತಳು. “ಲೇ, ಬೊಂಬೆಗೆ ಅಳ್ತಿದ್ದೀಯೋ, ನಿಮ್ಮಪ್ಪಂಗೋ?”

“ಅಪ್ಪಂಗೆ ಕಣವ್ವ.”

ಈರಕ್ಕ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡು ತಾನೂ ಅತ್ತಳು. ಏಳು ವರ್ಷದ ಗಂಟು ಸಡಿಲವಾಯಿತು. ಇನ್ನೇನು ಸಾರಿಗೆ ಅಪ್ಪಣೆಯಾಗುತ್ತದೆ ಎಂದು ಜಯರಾಮುವಿನ ಹೊಟ್ಟೆ ಆಸೆಪಟ್ಟಿತು.

ಮುದುಕಿ ಕಣ್ಣೊರೆಸಿಕೊಂಡಳು. “ಅಂಗಾದ್ರೆ ಮೂರು ದಿನ ಸಾಲಲ್ಲ. ಹೆತ್ತಪ್ಪನ ಸೂತಕ, ಹನ್ನೊಂದು ದಿನ ಆಗ್ಲೇಬೇಕು. ವನಜಾ, ಆ ಬಾಡು ಪಾಲಣ್ಣಂಗೆ ಕೊಟ್ಬುಡಮ್ಮಿ, ಇದ್ರೆ ಕೆಡ್ತದೆ.”

ಪಾಲಣ್ಣ ಮುಖ ಬಾಡಿಸಿಕೊಂಡು, “ಏನ್ ಮಾಡಕಾಯ್ತದೆ, ಎಲ್ಲಾ ದೇವರಿಚ್ಛೆ,” ಎಂದು ಚೀಲವನ್ನು ಎರಡೂ ಕೈಯಲ್ಲಿ ಇಸಿದುಕೊಂಡ.

ಸಂಜೆ ಗೋಡೆಯಾಚೆಯಿಂದ ಮಸಾಲೆ ಹುರಿದ ವಾಸನೆ ಬಂತು. ಜಯರಾಮುವಿನ ಕಿವಿ ಮತ್ತೆ ಕೆಂಪಾಯಿತು. ಆದರೆ ಬಯ್ಯೋಣವೆಂದರೆ ಈ ಕಥೆಯಲ್ಲೂ ಕೆಟ್ಟವನು ಯಾರೂ ಇರಲಿಲ್ಲ.