ಡುವಾರ್ಟೆಯ ಒಂದೇ ಗೋಲು

ಒಂಟಿಯಾಗಿರುವುದಕ್ಕಿಂತ, ಒಂಟಿಯಾಗಿದ್ದೇನೆ ಎಂದು ಒಪ್ಪಿಕೊಳ್ಳುವುದಕ್ಕೆ ಹೆಚ್ಚು ಧೈರ್ಯ ಬೇಕು. ನನಗೆ ಅದಿರಲಿಲ್ಲ. ಪರದೇಶದ ಹೆಲ್ಸಿಂಗ್‌ಬೋರ್ಯ್ ಎಂಬ ಊರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಸೇರಿದ ಮೊದಲ ವರ್ಷ, ಪ್ರತಿ ಭಾನುವಾರ ಹುಬ್ಬಳ್ಳಿಯಿಂದ ಅಕ್ಕ ಫೋನ್ ಮಾಡಿ, ಈ ವಾರ ಯಾರ್‍ಯಾರ ಜೋಡಿ ಮಾತಾಡಿದಿ ಎಂದು ಕೇಳುತ್ತಿದ್ದಳು. ನಾನು ಆಫೀಸಿನ ಹೆಸರುಗಳನ್ನೆಲ್ಲ ಸೇರಿಸಿ ದೊಡ್ಡ ಪಟ್ಟಿ ಒಪ್ಪಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಶುಕ್ರವಾರ ಸಂಜೆಯಿಂದ ಸೋಮವಾರದ ತನಕ ನನ್ನ ಬಾಯಿಂದ ಹೊರಡುತ್ತಿದ್ದುದು ಬಸ್ ಡ್ರೈವರಿಗೆ ಇಲ್ಲಿನ ರೂಢಿಯಂತೆ ನಮಸ್ಕಾರದ ಬದಲು ಹೇಳುವ ಒಂದು ‘ಹೇಯ್’ ಮಾತ್ರ. ನಮ್ಮ ಕಟ್ಟಡದವರು ಬಾಗಿಲ ಕಿಂಡಿಯಲ್ಲಿ ಇಣುಕಿ, ಮೆಟ್ಟಿಲಲ್ಲಿ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಹೊರಬರುತ್ತಿದ್ದರು. ಮೊದಮೊದಲು ಬೇಸರವಾಯಿತು. ನಾಲ್ಕನೇ ತಿಂಗಳಿಗೆ ನಾನೂ ಇಣುಕತೊಡಗಿದೆ.

ಹೀಗಿರುವಾಗ ಬಟ್ಟೆ ಒಗೆಯುವ ಕೋಣೆಯಲ್ಲಿ ಒಂದು ಜಗಳವಾಯಿತು. ನೆಲಮಾಳಿಗೆಯ ಆ ಕೋಣೆ ಇಡೀ ಕಟ್ಟಡಕ್ಕೆ ಒಂದೇ. ಮೊದಲೇ ಹೆಸರು ಬರೆದು ಸಮಯ ಹಿಡಿದಿಡಬೇಕು. ಒಂದು ಶನಿವಾರ ನನ್ನ ಸಮಯಕ್ಕೆ ಇಳಿದು ಹೋದರೆ ಎರಡೂ ಮೆಷಿನ್ ತಿರುಗುತ್ತಿವೆ, ಆರಡಿಯ ಗಂಡಸೊಬ್ಬ ಕಣಕಾಲಿಗೆ ಐಸ್ ಒತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದಾನೆ. ಜಗಳ ಎಂದೆನಲ್ಲ, ಅದು ಪೂರ್ತಿ ಸರಿಯಲ್ಲ. ನಾನು ಬೈಯಲು ಇಂಗ್ಲಿಷ್ ವಾಕ್ಯ ಜೋಡಿಸುವಷ್ಟರಲ್ಲಿ ಅವನು ಕ್ಷಮೆ ಕೇಳಿ, ಸ್ಟೂಲು ಬಿಟ್ಟುಕೊಟ್ಟು, ತನ್ನ ಕಥೆ ಶುರು ಮಾಡಿದ್ದ. ಅವನಿಗೂ ಕೇಳುವವರು ಬೇಕಾಗಿತ್ತು.

ಹೆಸರು ಡುವಾರ್ಟೆ. ಪೋರ್ಚುಗಲ್ಲಿನ ಮೀನುಗಾರರ ಊರಿನವನು. ಫುಟ್‌ಬಾಲ್ ತಂಡದಲ್ಲಿ ಸ್ಟ್ರೈಕರ್, ಅಂದರೆ ಗೋಲು ಹೊಡೆಯುವುದಕ್ಕೆಂದೇ ಇಟ್ಟುಕೊಂಡವನು. ಹತ್ತೊಂಬತ್ತನೇ ವಯಸ್ಸಿಗೆ ಲಿಸ್ಬನ್ನಿನ ದೊಡ್ಡ ಕ್ಲಬ್ಬೊಂದು ಕರೆಸಿಕೊಂಡು, ಆಡಿಸದೆ ಎರಡು ವರ್ಷ ಬೆಂಚಿನ ಮೇಲೆ ಕೂರಿಸಿತಂತೆ. ಆಮೇಲೆ ಗ್ರೀಸ್, ಸೈಪ್ರಸ್, ಈಗ ಮೂವತ್ತೊಂದಕ್ಕೆ ಇಲ್ಲಿನ ಎರಡನೇ ದರ್ಜೆಯ ತಂಡ. ಇಲ್ಲಿಗೆ ಬಂದ ಮೇಲೆ ಒಂದೂ ಗೋಲು ಹೊಡೆದಿರಲಿಲ್ಲ. ನನ್ನದೋ ಬೇರೆಯವರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕೆಲಸ. ದಿನಕ್ಕೆ ಹತ್ತು ಸಿಗುತ್ತವೆ. ಅವನ ಪಾಡು ಕೇಳಿ ಮರುಕವಾಯಿತು. ಇಲ್ಲಿನ ಪಂದ್ಯ ಅವನ ತಾಯಿಯ ಟೀವಿಯಲ್ಲಿ ಬರುವುದಿಲ್ಲ. ಆಕೆ ಪ್ರತಿ ಸಲ ಫೋನಿನಲ್ಲಿ, ಹೊಡೆದೆಯಾ ಎಂದು ಕೇಳುತ್ತಾರೆ.

ಅಲ್ಲಿಂದ ಮುಂದೆ ನಾವಿಬ್ಬರೂ ಅಕ್ಕಪಕ್ಕದ ಸಮಯವನ್ನೇ ಹಿಡಿಯತೊಡಗಿದೆವು. ಆಟಗಾರರಿಗೆ ಮನೆಯವರಿಗೆಂದು ಎರಡೆರಡು ಟಿಕೆಟ್ ಕೊಡುತ್ತಾರೆ. “ನನ್ನ ಎರಡು ಸೀಟೂ ಯಾವಾಗಲೂ ಖಾಲಿ,” ಎಂದ. “ಈ ವಾರದ್ದು ಈ ವರ್ಷದ ಕೊನೆಯ ಪಂದ್ಯ. ನೀವು ಬರ್ತೀರಾ?”

ಎರಡು ಸ್ವೆಟರ್ ಹಾಕಿಕೊಂಡು ಹೋದೆ. ಒಂದು ಸೀಟಿನಲ್ಲಿ ನಾನು, ಇನ್ನೊಂದರಲ್ಲಿ ನನ್ನ ಬ್ಯಾಗು. ನನಗೆ ಅರ್ಥವಾದದ್ದಿಷ್ಟೇ: ಡುವಾರ್ಟೆ ಎತ್ತ ಓಡಿದರೂ ಚೆಂಡು ಬೇರೆ ಕಡೆ ಹೋಗುತ್ತಿತ್ತು. ಕೊನೆಕೊನೆಗೆ ಚಳಿ ತಡೆಯಲಾರದೆ ಬ್ಯಾಗು ಹೆಗಲಿಗೇರಿಸಿ ಕಾಫಿಗೆ ಹೋದೆ. ಲೋಟ ಕೈಗೆ ಬರುವುದಕ್ಕೂ ಮೈದಾನವಿಡೀ ಒಮ್ಮೆ ಗದ್ದಲವೇಳುವುದಕ್ಕೂ ಸರಿಹೋಯಿತು. ಓಡಿ ಬಂದು ನೋಡಿದರೆ ಗೋಲಿನ ಖುಷಿಗೆ ತಂಡದವರೆಲ್ಲ ಡುವಾರ್ಟೆಯ ಮೇಲೆ ಬಿದ್ದಿದ್ದಾರೆ.

ಮುಂದಿನ ಶನಿವಾರ ಕೇಳಿದ: “ನೋಡಿದಿರಲ್ಲ?”

“ನೋಡಿದೆ,” ಎಂದೆ.

ಅವನ ಕಣ್ಣು ತುಂಬಿ ಬಂತು. ಇನ್ನು ಸುಳ್ಳನ್ನು ವಾಪಸು ಪಡೆಯುವುದು ಹೇಗೆ?

ಒಂದು ಗೋಲಿಗೆ ಕ್ಲಬ್ಬು ಕರಗಲಿಲ್ಲ, ಕರಾರು ಮುಂದುವರಿಸಲಿಲ್ಲ. ಡಿಸೆಂಬರಿನಲ್ಲಿ ಅವನು ಊರಿಗೆ ಹೊರಟ. ಆಮೇಲಿನ ಶನಿವಾರ ಎರಡೂ ಮೆಷಿನ್ ಖಾಲಿಯಿದ್ದವು. ಒಂದರಲ್ಲೇ ಹಿಡಿಯುವಷ್ಟು ಬಟ್ಟೆಯನ್ನು ಎರಡರಲ್ಲೂ ಹಂಚಿ ಹಾಕಿ, ಸದ್ದು ಕೇಳುತ್ತ ಕೂತೆ.

ವಸಂತದಲ್ಲಿ ಫೋನ್ ಬಂತು. ಡುವಾರ್ಟೆ ಈಗ ತನ್ನೂರಿನ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದ. ತಾಯಿ ಪಕ್ಕದಲ್ಲೇ ಇದ್ದರು. ಗೋಲು ಹೊಡೆದೆನೆಂಬ ಮಗನ ಮಾತನ್ನು ಆಕೆ ನಂಬುತ್ತಿಲ್ಲವಂತೆ. ನೋಡಿದವರೇ ಹೇಳಲಿ, ತಾನು ಅನುವಾದ ಮಾಡುತ್ತೇನೆ ಎಂದ. ನಾನು ಗಂಟಲು ಸರಿಮಾಡಿಕೊಂಡು, ಅವನನ್ನು ಎದುರು ತಂಡದ ಮೂವರು ಡಿಫೆಂಡರುಗಳ ನಡುವೆ ನುಗ್ಗಿಸಿ, ಗಾಳಿಯಲ್ಲಿ ಎಗರಿಸಿ, ತಲೆಯಿಂದ ಚೆಂಡು ಹೊಡೆಸಿದೆ. ಅವನು ಒಂದೊಂದೇ ವಾಕ್ಯವನ್ನು ಪೋರ್ಚುಗೀಸಿಗೆ ತಿರುಗಿಸಿದ. ಆ ಕಡೆ ತಾಯಿ ಮೂಗು ಸೊರಸೊರ ಎಳೆಯುವುದು ಕೇಳಿಸಿತು.

ಆಕೆ ಎದ್ದು ಹೋದ ಮೇಲೆ ಡುವಾರ್ಟೆ ಮೆಲ್ಲಗೆ ಹೇಳಿದ: “ಅದು ನನ್ನ ಬೆನ್ನಿಗೆ ಬಡಿದು ಒಳಗೆ ಹೋದ ಗೋಲು. ಇರಲಿ ಬಿಡಿ, ನೀವು ಹೇಳಿದ್ದೇ ಚೆನ್ನಾಗಿದೆ.”

ಒಂದು ವಾರ ನಾಚಿಕೆಯಾಯಿತು. ಆಮೇಲೆ ಆಫೀಸಿನಲ್ಲಿ ಎಲ್ಲರೂ ಕಾಫಿಗೆ ಕೂರುವ ಫಿಕಾ ಹೊತ್ತಿನಲ್ಲಿ ಆ ಗೋಲಿನ ಕಥೆ ಹೇಳತೊಡಗಿದೆ. ಜನ ನನ್ನ ಪಕ್ಕ ಬಂದು ಕೂರತೊಡಗಿದರು. ಮೊನ್ನೆ ಸಹೋದ್ಯೋಗಿಯೊಬ್ಬರು ಹೊಸಬರಿಗೆ ಅದನ್ನೇ ಹೇಳುತ್ತ, ಮೂವರು ಡಿಫೆಂಡರುಗಳಿದ್ದರಂತೆ ಎಂದರು. “ನಾಲ್ವರು,” ಎಂದು ತಿದ್ದಿದೆ. “ನಾನು ಅಲ್ಲೇ ಇದ್ದೆನಲ್ಲ.”