ಸೀರೆ ಇಲ್ಲಿ, ಬೀಗ ಅಲ್ಲಿ

"ಸೀರೆ ನನ್ನ ಕೈಯಾಗೈತೆ. ಕೊಡಾಕೆ ಬರಲ್ಲ ಅಂದ್ರೆ ಹೆಂಗಪ್ಪಾ?"

ಚಳ್ಳಕೆರೆಯ ರೇಷ್ಮೆ ಸೀರೆ ಅಂಗಡಿಯಲ್ಲಿ ತಿಪ್ಪೇರುದ್ರಮ್ಮ ಆ ಕುಂಕುಮ ಬಣ್ಣದ ಸೀರೆಯನ್ನು ಬಿಡಲು ತಯಾರಿರಲಿಲ್ಲ. ಹೋದ ವಾರ ಮೊಳಕಾಲ್ಮೂರಿನಲ್ಲಿರುವ ಇದೇ ಯಜಮಾನರ ಇನ್ನೊಂದು ಅಂಗಡಿಯಲ್ಲಿ ನೋಡಿದಾಗಲೇ ಮಗಳ ಧಾರೆಗೆ ಇದೇ ಎಂದು ತೀರ್ಮಾನಿಸಿದ್ದಳು. ಇಂಥದ್ದು ಇನ್ನೊಂದಿಲ್ಲ. ಚಳ್ಳಕೆರೆಯ ತವರಿಗೆ ಬಂದವಳು, ಸೀರೆಯೂ ಇಲ್ಲಿಗೇ ಬಂದಿದೆಯೆಂದು ತಿಳಿದು ಓಡಿಬಂದಿದ್ದಳು. ಗುಮಾಸ್ತ ಮಾರುತೇಶ ಮಾತ್ರ ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ.

ಮಾರುತೇಶ: ಸೀರೆ ಇಲ್ಲೈತೆ ಅಕ್ಕಾರೇ. ಕಂಪ್ಯೂಟರಿನ ಪಟ್ಟಿಯಾಗೆ ಅದರ ಸಾಲಿಗೆ ಮೊಳಕಾಲ್ಮೂರಿನೋರು ಬೀಗ ಹಾಕವ್ರೆ. ಅವ್ರು ತೆಗೆಯೋ ತನಕ ಮಾರಾಕೆ ಬರಲ್ಲ.

ತಿಪ್ಪೇರುದ್ರಮ್ಮ: ಸೀರೆ ಇಲ್ಲಿ, ಬೀಗ ಅಲ್ಲಿ. ಭಾಳ ಚೆಂದೈತೆ ನಿಮ್ಮ ಸಂಸಾರ!

ಮಾರುತೇಶ: ಅಲ್ಲೊಂದು ಕಂಪ್ಯೂಟರ್, ಇಲ್ಲೊಂದು. ಪಟ್ಟಿ ಮಾತ್ರ ಎರಡಕ್ಕೂ ಒಂದೇ. ಫೋನ್ ತಂತಿಯಾಗೆ ಮಾತಾಡ್ಕಂತಾವೆ.

ತಿಪ್ಪೇರುದ್ರಮ್ಮ: ಒಂದೇ ಪಟ್ಟಿಗೆ ಎರಡು ಡಬ್ಬ ಯಾಕೋ? ಒಂದಕ್ಕೆ ಬೇಜಾರಾಗ್ತಿತ್ತಾ?

ಮಾರುತೇಶ: ಮೊದ್ಲು ಮೊಳಕಾಲ್ಮೂರಾಗೆ ಒಂದೇ ಇತ್ತು. ಅಲ್ಲಿ ಕರೆಂಟ್ ಹೋದ್ರೆ ನಾವಿಲ್ಲಿ ಕಣ್ಣುಕಟ್ಟಿದಂಗೆ ನೊಣ ಹೊಡೀತಾ ಕೂರ್ತಿದ್ವಿ. ಈಗ ಒಂದು ಮಲಗಿದ್ರೆ ಇನ್ನೊಂದು ಎದ್ದಿರ್ತೈತೆ.

ತಿಪ್ಪೇರುದ್ರಮ್ಮ: ಈಗ ಎರಡೂ ಎದ್ದಿದ್ರೂ ನೊಣ ಹೊಡೀತಿದೀಯಲ್ಲಪ್ಪಾ. ಭಾರಿ ಏಳಿಗೆ!

ಮಾರುತೇಶ: ಬೇರೆ ಬೇರೆ ಪುಸ್ತಕದಾಗೆ ಬರೀತಿದ್ದಾಗ ಒಂದೇ ಸೀರೆನ ಇಬ್ಬರು ಮದುಮಕ್ಳಿಗೆ ಮಾರಿದ್ವಿ. ಅದಕ್ಕೇ ಈಗ 'ನಿಂಗೆ ಸರಿನಾ' ಅಂತ ಒಂದನ್ನೊಂದು ಕೇಳ್ತಾವೆ. ಎರಡೂ ಹೂಂ ಅಂದ್ರೇ ಮಾರಾಟ.

ತಿಪ್ಪೇರುದ್ರಮ್ಮ: ಒಂದು ಮಲಗಿದ್ರೆ ಹೂಂ ಅನ್ನೋರ್ಯಾರು?

ಮಾರುತೇಶ ತಲೆ ಕೆರೆದುಕೊಂಡ.

ಮಾರುತೇಶ: ಆಗ... ಪಟ್ಟಿ ನೋಡ್ಬೋದು ಅಕ್ಕಾರೇ. ಮಾರಂಗಿಲ್ಲ.

ತಿಪ್ಪೇರುದ್ರಮ್ಮ: ನನ್ನ ಮಗಳೂ ಹಂಗೇ, ಸೀರೆ ನೋಡ್ಕಂಡು ಧಾರೆಗೆ ಕೂರ್ಲಾ? ಬೀಗ ಹಾಕ್ಸಿದ ಪುಣ್ಯಾತ್ಮ ಯಾರು, ಫೋನ್ ಹಚ್ಚು!

ಆತ ಮೊಳಕಾಲ್ಮೂರಿನ ಅಂಗಡಿಗೆ ಫೋನ್ ಹಚ್ಚಿದ. ಮಗಳು ಬಾಯಿಬಿಟ್ಟು ಕೇಳಿದ್ದು ಈ ಬಣ್ಣವೊಂದನ್ನೇ. ಕೈತಪ್ಪಿದರೆ ಏನು ಗತಿ ಎಂದು ತಿಪ್ಪೇರುದ್ರಮ್ಮನಿಗೆ ಅಳುವೇ ಬಂತು.

ಮಾರುತೇಶ: ಯಾರೋ ಒಬ್ರು ಬೆಳಿಗ್ಗೆಯಿಂದ ಅಲ್ಲೇ ಕೂತವ್ರಂತೆ. ಕಂಪ್ಯೂಟರಿನಾಗೆ ಈ ಸೀರೆ ಚಿತ್ರ ನೋಡಿ, 'ಯಾರಿಗೂ ಕೊಡಬ್ಯಾಡ್ರಿ, ಮನೆಯಾಕೇನ ಕೇಳಿ ಹೇಳ್ತೀನಿ' ಅಂತ ಬೀಗ ಹಾಕ್ಸವ್ರೆ. ಆಯಮ್ಮನ ತವರಿಗೆ ಫೋನ್ ಮೇಲೆ ಫೋನ್. ಆಯಮ್ಮ ಮನೆಯಾಗೇ ಇಲ್ವಂತೆ.

ತಿಪ್ಪೇರುದ್ರಮ್ಮ: ಎಂಥ ಹೆಂಗಸೋ! ಗಂಡ ಅಷ್ಟು ಕಾಯ್ತಿದ್ರೆ ಊರು ಸುತ್ತಾಕೆ ಹೋಗವಳೆ. ಹೆಸ್ರೇನಂತೆ ಅವರ್ದು?

ಮಾರುತೇಶ: ಕೊಂಡ್ಲಹಳ್ಳಿ ಬೋರಯ್ಯ.

ತಿಪ್ಪೇರುದ್ರಮ್ಮ ಹಣೆ ಚಚ್ಚಿಕೊಂಡು ಅಲ್ಲೇ ಕುಳಿತಳು.

ತಿಪ್ಪೇರುದ್ರಮ್ಮ: ಅಯ್ಯೋ, ನಮ್ಮನೆಯೋರು!

ಮಾರುತೇಶ: ಅವ್ರು ನಿಮ್ಮ ಮಾತಿಗೆ ಕಾಯ್ತಾವ್ರೆ, ನೀವು ಅವ್ರ ಬೀಗಕ್ಕೆ ಕಾಯ್ತಿದೀರಿ. ಇದು ಕಂಪ್ಯೂಟರಿನ ತಪ್ಪಲ್ಲ ಅಕ್ಕಾರೇ! ಹೂಂ ಅಂದ್ಬಿಡ್ರಿ, ಈಗ್ಲೇ ಬೀಗ ತೆಗಿಸ್ತೀನಿ.

ಆತ ಫೋನ್ ಚಾಚಿದ. ತಿಪ್ಪೇರುದ್ರಮ್ಮ ಅದನ್ನು ಮುಟ್ಟಲಿಲ್ಲ. ಸೀರೆಯನ್ನು ಮಡಿಲಿಗೆ ಹಾಕಿಕೊಂಡು ಗೋಡೆಗೆ ಆರಾಮಾಗಿ ಒರಗಿದಳು.

ತಿಪ್ಪೇರುದ್ರಮ್ಮ: ತಡಿಯಪ್ಪಾ. ಮದುವೆಯಾಗಿ ಇಪ್ಪತ್ತೆರಡು ವರ್ಷ ಆತು. ಎತ್ತು ತಂದ್ರು, ಎಮ್ಮೆ ಮಾರಿದ್ರು, ಮಗಳಿಗೆ ಗಂಡು ಗೊತ್ತು ಮಾಡಿದ್ರು. ಒಂದಕ್ಕಾದ್ರೂ ನನ್ನ ಕೇಳ್ಳಿಲ್ಲ. ಇವತ್ತೇ ಮೊದ್ಲು, ನನ್ನ ಹೂಂಗೆ ಕಾಯ್ತಾ ಕೂತವ್ರೆ. ಆ ಬೀಗ ಇನ್ನೊಂದು ಗಂಟೆ ಹಂಗೇ ಇರ್ಲಿ!